ದನ ಅಡ್ಡ ಬಂತೆಂದು ಬರೆದ ಮೇಲೆ

ಕಾರು ಓಡಿಸುವಾಗ ಎದುರಿನಿಂದ ಯಾರಾದರೂ ನಮಸ್ಕರಿಸಿದರೆ ಏನು ಮಾಡಬೇಕೆಂಬುದನ್ನು ಯಾವ ಡ್ರೈವಿಂಗ್ ಶಾಲೆಯವರೂ ಕಲಿಸುವುದಿಲ್ಲ. ಬಸ್ಸಿನ ಚಾಲಕರು ಸ್ಟಿಯರಿಂಗ್ ಮೇಲಿಂದಲೇ ಎರಡು ಬೆರಳೆತ್ತಿ ಆ ಸಮಸ್ಯೆಯನ್ನು ಬಗೆಹರಿಸಿಕೊಂಡಿದ್ದಾರೆ. ರಿಕ್ಷಾದವರು ಒಂದು ಹಾರ್ನ್ ಕೊಟ್ಟು ಮುಂದೆ ಹೋಗುತ್ತಾರೆ. ಆದರೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ವೃತ್ತಿಜೀವನವಿಡೀ ಕನ್ನಡ ಪಾಠ ಹೇಳಿ, ವಿನಯದ ಮಹತ್ತ್ವದ ಕುರಿತು ಅಸಂಖ್ಯ ಭಾಷಣ ಬಿಗಿದು, ನಿವೃತ್ತಿಯ ಅನಂತರ ಕಾರು ಕಲಿತ ನನ್ನಂಥವನ ಪಾಡು ಬೇರೆ. ಶಿರ್ತಾಡಿಯ ತಿರುವಿನಲ್ಲಿ ನನ್ನ ಹಳೆಯ ಶಿಷ್ಯ ಹರೀಶ ತನ್ನ ಜೀನಸು ಅಂಗಡಿಯ ಜಗಲಿಯಿಂದ ಕೈ ಮುಗಿದಾಗ ನಾನು ಸಂಸ್ಕಾರವಂತನಾಗಿ ಎರಡೂ ಕೈ ಎತ್ತಿ ಪ್ರತಿನಮಸ್ಕಾರ ಮಾಡಿದೆ. ಕಾರಿಗೆ ಅಷ್ಟು ಸಂಸ್ಕಾರವಿರಲಿಲ್ಲ. ಅದು ನೆಟ್ಟಗೆ ಹೋಗಿ ಮೋರಿಯ ಕಟ್ಟೆಗೆ ಹಣೆ ಹಚ್ಚಿತು.

ನನಗೇನೂ ಆಗಲಿಲ್ಲ. ಬಂಪರ್ ಕಳಚಿ ಬಿತ್ತು, ಒಂದು ಹೆಡ್‌ಲೈಟು ಪುಡಿಯಾಯಿತು, ರೇಡಿಯೇಟರಿನಿಂದ ನೀರು ಸೋರತೊಡಗಿತು. ಕ್ಷಣಾರ್ಧದಲ್ಲಿ ಜನ ಸೇರಿ, ನನ್ನನ್ನು ಹರೀಶನ ಅಂಗಡಿಯ ಬೆಂಚಿನಲ್ಲಿ ಕೂರಿಸಿ, ನೀರು ಕೊಟ್ಟು, ಗಾಳಿ ಬೀಸಿ, ಕೊನೆಗೆ ಮುಖ್ಯ ವಿಷಯಕ್ಕೆ ಬಂದರು.

"ಫುಲ್ ಇನ್ಶೂರೆನ್ಸ್ ಉಂಟಾ ಸರ್?" ಎಂದು ಹರೀಶ ಕೇಳಿದ.

ಉಂಟು ಎಂದೆ. ಅದಕ್ಕಿಂತ ಹೆಚ್ಚು ನನಗೂ ತಿಳಿದಿರಲಿಲ್ಲ. ಹಳಗನ್ನಡದ ಒಂದೇ ಪದ್ಯವನ್ನು ವಾರವಿಡೀ ವ್ಯಾಖ್ಯಾನಿಸುತ್ತಿದ್ದ ನಾನು ವಿಮೆಯ ಪಾಲಿಸಿಯ ಒಂದು ಪುಟವನ್ನೂ ಓದಿದವನಲ್ಲ. ವರ್ಷವರ್ಷವೂ ಅದಕ್ಕೆ ಕುಂಕುಮ ಹಚ್ಚಿ ದೇವರ ಕೋಣೆಯಲ್ಲಿಡುತ್ತಿದ್ದೆ, ಅಷ್ಟೆ.

"ಹಾಗಾದ್ರೆ ನಿಮ್ಮದೇ ತಪ್ಪು ಅಂತ ಮಾತ್ರ ಹೇಳ್ಬೇಡಿ ಸರ್. ಹೇಳಿದ್ರೆ ಕ್ಲೇಮು ಹೋಯ್ತು. ದನ ಅಡ್ಡ ಬಂತು ಅಂತ ಹೇಳಿ."

"ದನ ಎಲ್ಲಿ ಉಂಟು ಮಾರಾಯ?"

"ಇಲ್ಲದಿದ್ರೆ ಎಂತ ಸರ್? ಯಾವಾಗಲಾದ್ರೂ ಬರ್ತದಲ್ಲ!"

ಅಲ್ಲಿಂದ ಮುಂದೆ ನಡೆದದ್ದು ಸಾಮೂಹಿಕ ಸೃಷ್ಟಿಕಾರ್ಯ. ಒಬ್ಬರು ದನಕ್ಕೆ ಕಂದು ಬಣ್ಣ ಕೊಟ್ಟರು. ಇನ್ನೊಬ್ಬರು ಹಣೆಗೆ ಬಿಳಿ ಬೊಟ್ಟು ಇಟ್ಟರು. ಮತ್ತೊಬ್ಬರು ಎಡದ ಕೋಡನ್ನು ಬಗ್ಗಿಸಿದರು. ಚಹಾ ಬರುವಷ್ಟರಲ್ಲಿ ಅದನ್ನು ಕಣ್ಣಾರೆ ಕಂಡವರು ನಾಲ್ಕಾರು ಮಂದಿಯಾಗಿದ್ದರು. ಅದು ಎಷ್ಟು ಗಾಂಭೀರ್ಯದಿಂದ ರಸ್ತೆ ದಾಟಿತೆಂಬುದನ್ನು ಕೇಳುತ್ತ ಕೇಳುತ್ತ ನನಗೇ ಅದರ ಮೇಲೆ ಸಿಟ್ಟು ಬಂತು. ವಿಮೆಯವರಿಗೆ ಫೋನು ಮಾಡಿ, ಅವರ ಫಾರಂನಲ್ಲೂ ಹಾಗೆಯೇ ಬರೆದುಕೊಟ್ಟೆ, ಕಾರನ್ನು ಮೂಡುಬಿದಿರೆಯ ಗ್ಯಾರೇಜಿಗೆ ಎಳೆಸಿದೆ, ನಷ್ಟ ಅಂದಾಜಿಸುವ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಮುಟ್ಟಬಾರದೆಂಬ ಅಪ್ಪಣೆಯನ್ನು ಶಿರಸಾವಹಿಸಿ ಪಾಲಿಸಿದೆ.

ಆದರೆ ಮನುಷ್ಯರ ಕಲ್ಪನೆ ಎಷ್ಟು ದೂರ ಹೋದೀತು, ನೀವೇ ಹೇಳಿ. ಆ ಜನ ದಿನಾ ಬೆಳಿಗ್ಗೆ ನೋಡುತ್ತಿದ್ದ ದನವನ್ನೇ ವರ್ಣಿಸಿದ್ದರು. ಆ ಬಣ್ಣ, ಆ ಬೊಟ್ಟು, ಆ ಬಗ್ಗಿದ ಕೋಡು ಮೋರಿಯ ಆಚೆ ಒಬ್ಬರೇ ಇರುವ ಗಿರಿಜಕ್ಕ ಎಂಬವರ ದನದ್ದು. ಎರಡು ದಿನ ಕಳೆದು ಗಿರಿಜಕ್ಕ ಬಸ್ಸು ಹಿಡಿದು, ಕದಳಿ ಬಾಳೆಹಣ್ಣಿನ ಒಂದು ಗೊನೆಯೊಂದಿಗೆ ನಮ್ಮ ಮನೆಯ ಮೆಟ್ಟಿಲು ಹತ್ತಿದರು.

"ನಮ್ಮಿಂದ ನಿಮಗೆ ತೊಂದರೆ ಆಯ್ತಂತೆ ಮಾಷ್ಟ್ರೇ. ಕೇಸು ಗೀಸು ಹಾಕ್ಬೇಡಿ. ಇನ್ನು ಆ ದನವನ್ನು ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಬೆಳ್ತಂಗಡಿಯವರೊಬ್ಬರಿಗೆ ಹೇಳಿದ್ದೇನೆ, ನಾಳೆ ಸಾಯಂಕಾಲ ಬಂದು ಕೊಂಡುಹೋಗ್ತಾರೆ."

ಹೇಳುವಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೇಸೇನೂ ಇಲ್ಲ, ಮಾರಬೇಡಿ ಎಂದು ನಾನು ತಡವರಿಸಿದೆ. ಅದನ್ನವರು ನನ್ನ ದೊಡ್ಡ ಗುಣವೆಂದು ತಿಳಿದು ಇನ್ನಷ್ಟು ಅತ್ತರು. ದನವೇ ಇರಲಿಲ್ಲವೆಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಕ್ಲೇಮು ಹೋಗುತ್ತದೆ, ಸುಳ್ಳುಗಾರನೆಂಬ ಹೆಸರೂ ಬರುತ್ತದೆ ಎಂದು ಹೆದರಿ ನಾನು ಬಾಳೆಗೊನೆಯನ್ನು ತೆಗೆದುಕೊಂಡೆ. ಅವರು ಹೋದ ಮೇಲೆ ನನ್ನ ಹೆಂಡತಿ, "ಆ ಹಣ್ಣನ್ನು ನೀವೊಬ್ಬರೇ ತಿನ್ನಿ" ಎಂದು ಅದನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಒಂದು ಹಣ್ಣನ್ನೂ ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಗ್ಯಾರೇಜಿಗೆ ಬಿ.ಸಿ.ರೋಡಿನಿಂದ ಸರ್ವೇಯರ್ ಬಂದರು. ಮಿತಭಾಷಿ ಮನುಷ್ಯ. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಫೋಟೋ ಹೊಡೆದು, ಒಡೆದ ಜಾಗದಲ್ಲಿ ಅಂಟಿಕೊಂಡಿದ್ದ ಪಾಚಿಯನ್ನು ಉಗುರಿನಿಂದ ಕೆರೆದು, "ದನ ಯಾವ ಕಡೆಯಿಂದ ಬಂತು ಸರ್?" ಎಂದು ಕೇಳಿದರು. ಕ್ಲೇಮಿನ ಆಸೆಯನ್ನು ಅಲ್ಲಿಗೇ ಬಿಟ್ಟು ನಾನು ಹೇಳಿಬಿಟ್ಟೆ: ದನ ಯಾವ ಕಡೆಯಿಂದಲೂ ಬರಲಿಲ್ಲ, ನಾನು ಕೈ ಬಿಟ್ಟು ನಮಸ್ಕಾರ ಮಾಡಿದೆ, ತಪ್ಪೆಲ್ಲ ನನ್ನದು.

ಅವರು ನನ್ನನ್ನು ಕನಿಕರದಿಂದ ನೋಡಿದರು.

"ಅಲ್ಲ ಸರ್, ಥರ್ಡ್ ಪಾರ್ಟಿ ಮಾತ್ರ ಇದ್ದಿದ್ರೆ ಎದುರಿನವರ ನಷ್ಟಕ್ಕೆ ಮಾತ್ರ ಆಗ್ತಿತ್ತು. ನಿಮ್ಮದು ಫುಲ್. ಇದರಲ್ಲಿ ನಿಮ್ಮದೇ ತಪ್ಪಾದ್ರೂ ಕ್ಲೇಮ್ ಸಿಗ್ತದೆ. ಲೈಸೆನ್ಸ್ ಉಂಟು, ಕುಡಿದಿಲ್ಲ, ಕೂಡಲೇ ತಿಳಿಸಿದ್ದೀರಿ. ಪ್ಲಾಸ್ಟಿಕ್ ಸಾಮಾನಿಗೆ ಸ್ವಲ್ಪ ಕಡಿತ ಆಗ್ತದೆ, ಅಷ್ಟೇ. ಸುಳ್ಳು ಹೇಳಿದ್ದು ಗೊತ್ತಾದ್ರೆ ಮಾತ್ರ ಕಷ್ಟ. ದನವನ್ನು ಎಂತಕೆ ತಂದದ್ದು?"

ತಪ್ಪು ಮಾಡಿಯೇ ಮಾಡುತ್ತೇವೆಂದು ಮೊದಲೇ ಬಲ್ಲವರೊಬ್ಬರು ಅದಕ್ಕೆಂದೇ ಏರ್ಪಾಡು ಮಾಡಿಟ್ಟಿದ್ದಾರೆ. ವರ್ಷವರ್ಷವೂ ಹಣ ಕಟ್ಟಿ ಆ ಸೌಲಭ್ಯವನ್ನು ಕೊಂಡ ನಾವು, ತಪ್ಪು ನಡೆದಾಗ ಆ ತಪ್ಪೊಂದನ್ನು ಬಿಟ್ಟು ಬೇರೆಲ್ಲವನ್ನೂ ಹೇಳುತ್ತೇವೆ. ಸರ್ವೇಯರ್ ಹೊಸ ಫಾರಂ ಕೊಟ್ಟು ನಡೆದದ್ದನ್ನೇ ಬರೆಯಲು ಹೇಳಿದರು. ಬರೆದು ಸಹಿ ಹಾಕಿದವನೇ ಶಿರ್ತಾಡಿಯ ಬಸ್ಸಿಗೆ ಓಡಿದೆ. ಸಾಯಂಕಾಲವಾಗುತ್ತ ಬಂದಿತ್ತು. ಬಸ್ಸು ನಿಂತಲ್ಲೆಲ್ಲ ನನ್ನ ಜೀವ ಹೋಗುತ್ತಿತ್ತು.

ದನ ಇನ್ನೂ ಕೊಟ್ಟಿಗೆಯಲ್ಲೇ ಇತ್ತು. ಕೊಂಡುಹೋಗುವವರು ಬರುವ ಮುಂಚೆ ಅದನ್ನು ಮೀಯಿಸಿ, ಗಿರಿಜಕ್ಕ ಅದರ ಬಗ್ಗಿದ ಕೋಡಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದೆ. ಅವರ ಕೈ ನಿಂತಿತು.

"ಹಾಗಾದ್ರೆ ಇವಳು ರಸ್ತೆಗೆ ಬರಲೇ ಇಲ್ವಾ?"

"ಇಲ್ಲ ಗಿರಿಜಕ್ಕ."

"ನಾನು ಇವಳಿಗೆ ಹೊಡೆದೆ ಮಾಷ್ಟ್ರೇ" ಎಂದರು ಅವರು. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, "ನನ್ನ ಹತ್ರ ಎಂತಕೆ ಹೇಳುದು? ಅವಳ ಹತ್ರ ಹೇಳಿ" ಎಂದು ದೂರ ಸರಿದು ನಿಂತರು.

ನಾನು ದನದ ಎದುರು ನಿಂತು ಗಂಟಲು ಸರಿಪಡಿಸಿಕೊಂಡೆ. "ನನ್ನಿಂದ ಒಂದು ಪ್ರಮಾದ ಸಂಭವಿಸಿದೆ. ಅನಿವಾರ್ಯ ಸನ್ನಿವೇಶದಲ್ಲಿ..." ಎಂದು ಆರಂಭಿಸುತ್ತಿದ್ದಂತೆ ಗಿರಿಜಕ್ಕ ತಡೆದರು.

"ತುಳುವಿನಲ್ಲಿ ಹೇಳಿ. ಅವಳಿಗೆ ಕನ್ನಡ ಬರುದಿಲ್ಲ."

ಮನೆಮಾತಿನಲ್ಲಿ ನನಗೆ ಪ್ರಮಾದವೂ ಸನ್ನಿವೇಶವೂ ಸಿಗಲಿಲ್ಲ. "ತಪ್ಪು ಎನ್ನವೇ" ಎಂದೆ, ತಪ್ಪು ನನ್ನದೇ ಎಂದು. ಬೆಳ್ತಂಗಡಿಯವರಿಗೆ ಬರಬೇಡಿ ಎಂದು ಫೋನು ಮಾಡಲು ಗಿರಿಜಕ್ಕ ಒಳಗೆ ಹೋದರು. ದನ ಇನ್ನೂ ನನ್ನನ್ನೇ ನೋಡುತ್ತಿದ್ದುದರಿಂದ ನಾನು ಇನ್ನೊಮ್ಮೆ ಹೇಳಿದೆ.