ಶರಣಪ್ಪನ ಫೋನಿನಲ್ಲಿ ಕಳೆದುಹೋದ ಮನೆಗಳು

೨೦೦೬ರಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವಿಭಾಗವೆಂದರೆ ನಾನು ಮತ್ತು ಪ್ರಕಾಶ, ಇಬ್ಬರೇ. ಆಗಿನ ಗುಂಡಿ ಒತ್ತುವ ಫೋನುಗಳಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆವು. ನಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಸಾಕು, ನನಗೆ ಮೂಗಿನ ತುದಿಗೇ ಕೋಪ ಬರುತ್ತಿತ್ತು.

ಜಯನಗರದ ಒಂದು ಲ್ಯಾಬಿಗೆ ನಾವು ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಮನೆಗಳಿಗೆ ಹೋಗಿ ರಕ್ತ ತೆಗೆಯುವ ಆರು ಜನ ಅಲ್ಲಿದ್ದರು. ರಕ್ತ ತೆಗೆದ ಕೂಡಲೇ ಅವರು ಟ್ಯೂಬಿನ ಸಂಖ್ಯೆ ಒತ್ತಿ ‘ಕಳಿಸು’ ಎಂದರೆ, ಸಮಯದ ಸಮೇತ ಅದು ಜಿಪಿಆರ್‌ಎಸ್ ಮೂಲಕ, ಅಂದರೆ ಆ ಕಾಲದ ಆಮೆನಡಿಗೆಯ ಇಂಟರ್ನೆಟ್ಟಿನಲ್ಲಿ, ಲ್ಯಾಬಿಗೆ ತಲುಪಬೇಕು. ಸಮಯ ದಾಖಲಾಗದ ಟ್ಯೂಬನ್ನು ಲ್ಯಾಬಿನವರು ಪರೀಕ್ಷಿಸುತ್ತಿರಲಿಲ್ಲ. ಪಾಪ, ವಯಸ್ಸಾದವರಿಗೆ ಮತ್ತೆ ಸೂಜಿ ಚುಚ್ಚಬೇಕಾಗುತ್ತಿತ್ತು.

ಐದು ಜನರ ದಾಖಲೆ ಸರಿಯಾಗಿ ಬರುತ್ತಿತ್ತು. ಶರಣಪ್ಪನದು ಮಾತ್ರ ದಿನಾ ಎರಡು ಮೂರು ಮನೆ ಕಾಣೆ. ಆತ ಕೊಪ್ಪಳದ ಕಡೆಯವನು, ಸುದ್ದಗುಂಟೆಪಾಳ್ಯದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ನಾನು ಆಫೀಸಿನಲ್ಲಿ ಅದೇ ಮಾಡೆಲ್ ಫೋನಿಟ್ಟುಕೊಂಡು ನೂರಾರು ಸಲ ಕಳಿಸಿ ನೋಡಿದೆ. ಒಂದೂ ತಪ್ಪಲಿಲ್ಲ. ‘ಸಾಫ್ಟ್‌ವೇರ್‌ನಲ್ಲಿ ದೋಷವಿಲ್ಲ’ ಎಂದು ಲ್ಯಾಬಿನ ಮ್ಯಾನೇಜರಿಗೆ ಪತ್ರ ಬರೆದು ಸಹಿ ಹಾಕಿದೆ. ಸೋಮಾರಿತನದ ಆರೋಪದ ಮೇಲೆ ಶನಿವಾರ ಅವನನ್ನು ಕೆಲಸದಿಂದ ಬಿಡಿಸುವುದೆಂದು ಅವರು ತೀರ್ಮಾನಿಸಿದರು.

ಬುಧವಾರ ಶರಣಪ್ಪ ನಮ್ಮ ಆಫೀಸಿಗೇ ಬಂದ. ಕೂರಲು ಹೇಳಿದರೂ ಕೂರಲಿಲ್ಲ.

“ನಾ ಎಲ್ಲಾ ಮನ್ಯಾಗೂ ಒತ್ತೇನ್ರಿ ಮ್ಯಾಡಂ. ಒತ್ತಿದ್ದು ಎಲ್ಲಿ ಹೋತು, ನೀವ ಹೇಳ್ರಿ.”

ಅವನನ್ನು ಕಳಿಸಿದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ದೂರದಲ್ಲಿರುವ ಫೋನಿನೊಳಗೆ ಏನಾಗುತ್ತಿದೆ ಎಂದು ನೋಡುವ ಸಾಧನವೇ ನಮ್ಮ ಬಳಿ ಇರಲಿಲ್ಲ. ಪ್ರಕಾಶ ತಣ್ಣಗೆ, “ಇಲ್ದಿದ್ರೆ ಮಾಡೋಣ ಬಿಡಿ ಮೇಡಂ” ಅಂದ.

ಗುರುವಾರವಿಡೀ ಕೂತು ಮಾಡಿದೆವು. ಪ್ರೋಗ್ರಾಂ ತಾನು ಇಡುವ ಪ್ರತಿ ಹೆಜ್ಜೆಯನ್ನೂ ಒಂದು ಸಾಲಾಗಿ ಬರೆದುಕೊಂಡು, ನೆಟ್ ಸಿಕ್ಕಿದಾಗ ನಮ್ಮ ಆಫೀಸಿನ ಸರ್ವರ್ ಕಂಪ್ಯೂಟರಿಗೆ ಕಳಿಸಬೇಕು, ಅಷ್ಟೇ ಉಪಾಯ. ಸಂಜೆ ಎಸ್ಸೆಮ್ಮೆಸ್ಸಿನಲ್ಲಿ ಲಿಂಕ್ ಕಳಿಸಿ ಶರಣಪ್ಪನ ಫೋನಿಗೆ ಅದನ್ನು ಹಾಕಿಸಿದೆವು.

ಶುಕ್ರವಾರ ಬೆಳಿಗ್ಗೆ ಏಳಕ್ಕೆಲ್ಲ ನಾವಿಬ್ಬರೂ ಪರದೆಯ ಮುಂದೆ ಹಾಜರು. ಅವನು ಬನಶಂಕರಿಯಲ್ಲಿ, ನಾವು ಜೆ.ಪಿ. ನಗರದಲ್ಲಿ. ಮೊದಲ ಸಾಲು ಬಂದಾಗ ನನಗಾದ ಸಂಭ್ರಮ ಇವತ್ತಿನ ಹುಡುಗರಿಗೆ ಅರ್ಥವಾಗಲಿಕ್ಕಿಲ್ಲ. ಅಲ್ಲಿ ಯಾರದೋ ಮನೆಯಲ್ಲಿ ಅವನು ಒತ್ತಿದ ಗುಂಡಿ ಇಲ್ಲಿ ನನ್ನ ಕಣ್ಣೆದುರು ಅಕ್ಷರವಾಗುತ್ತಿತ್ತು. ಮೊದಲ ಮನೆಯದು ಬಂತು. ಎರಡನೆಯದೂ ಬಂತು. ಮೂರನೆಯದರಲ್ಲಿ ಸಾಲುಗಳು ಒಂದೆರಡು ನಿಮಿಷ ನಿಂತುಹೋಗಿ, ಆಮೇಲೆ ಒಟ್ಟಿಗೇ ಬಂದವು: ‘ಕಳಿಸು’ ಒತ್ತಲಾಗಿದೆ. ಫೋನ್ ಪ್ರೋಗ್ರಾಂ ಅನ್ನು ತಡೆದಿದೆ. ಮತ್ತೆ ಶುರುವಾಗಿದೆ. ಖಾಲಿ ಫಾರ್ಮ್ ತೆರೆದಿದೆ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ತಕ್ಷಣ ಶರಣಪ್ಪನಿಗೆ ಫೋನ್ ಮಾಡಿ, ಈಗಷ್ಟೇ ಯಾವುದಾದರೂ ಕಾಲ್ ಬಂದಿತ್ತೇ ಎಂದು ಕೇಳಿದೆ.

“ಮಿಸ್ಡ್ ಕಾಲ್ ಬಂದಿತ್ರಿ. ಹಿಂದಿನ ಮನಿ ಅಜ್ಜಾರು, ನಾಷ್ಟಾ ಮುಗೀತು ಅಂತ ಕೊಟ್ಟಾರ.”

ಸಕ್ಕರೆ ಕಾಯಿಲೆಯವರಿಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿಯಾಗಿ ಸರಿಯಾಗಿ ಎರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ರಕ್ತ ತೆಗೆಯಬೇಕು. ಉಳಿದ ಐವರು ಅಂದಾಜಿನ ಮೇಲೆ ಎರಡನೇ ಸಲ ಹೋಗುತ್ತಿದ್ದರು. ಶರಣಪ್ಪ ಮಾತ್ರ, ತಿಂಡಿ ಮುಗಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ ಎಂದು ಪ್ರತಿ ಮನೆಯಲ್ಲೂ ಹೇಳಿಬರುತ್ತಿದ್ದ. ಒಂದು ಮನೆಯವರ ತಿಂಡಿ ಮುಗಿಯುವ ಹೊತ್ತಿಗೆ ಅವನು ಮುಂದಿನ ಮನೆಯಲ್ಲಿ ‘ಕಳಿಸು’ ಒತ್ತಿ ಕಾಯುತ್ತಿರುತ್ತಿದ್ದ. ಕಾಲ್ ಬಂದರೆ ಫೋನು ಇಂಟರ್ನೆಟ್ಟನ್ನೂ ನಮ್ಮ ಪ್ರೋಗ್ರಾಂ ಅನ್ನೂ ನಿಲ್ಲಿಸುತ್ತಿತ್ತು. ಮತ್ತೆ ಶುರುವಾದಾಗ ನಮ್ಮ ಪ್ರೋಗ್ರಾಂ ಹಳೆಯದನ್ನು ಚೆಲ್ಲಿ ಖಾಲಿ ಫಾರ್ಮ್ ತೋರಿಸುತ್ತಿತ್ತು. ದಾಖಲೆ ತಲುಪಿದಾಗಲೂ ಖಾಲಿ ಫಾರ್ಮೇ ಬರುತ್ತಿದ್ದರಿಂದ ಅವನಿಗೆ ಅನುಮಾನ ಬಂದಿರಲಿಲ್ಲ. ನಮ್ಮ ಟೆಸ್ಟ್ ಫೋನುಗಳ ನಂಬರು ಯಾರಿಗೂ ಗೊತ್ತಿರಲಿಲ್ಲ. ಅವಕ್ಕೆ ಯಾರು ಮಿಸ್ಡ್ ಕಾಲ್ ಕೊಡುತ್ತಾರೆ?

ಮಧ್ಯಾಹ್ನ ಆಟೋ ಹಿಡಿದು ಲ್ಯಾಬಿಗೆ ಹೋದೆ. ನನ್ನ ಪತ್ರ ವಾಪಸ್ ಕೊಡಿ ಎಂದು ಮ್ಯಾನೇಜರನ್ನು ಕೇಳುವಾಗ ನಾಚಿಕೆಯಾಯಿತು, ಆದರೂ ಎದೆ ಹಗುರವಾಗಿತ್ತು.

“ತಪ್ಪು ನಮ್ದು ಸಾರ್. ನಿಮ್ಮ ಆರು ಜನದಲ್ಲಿ ಕೆಲ್ಸ ಸರಿಯಾಗ್ ಮಾಡ್ತಿರೋದು ಅವ್ರೊಬ್ರೇ.”

ಮ್ಯಾನೇಜರ್ ಸಾಲುಗಳ ಪ್ರಿಂಟನ್ನು ಎರಡು ಸಲ ಓದಿ, ಶರಣಪ್ಪನನ್ನು ಒಳಗೆ ಕರೆಸಿ, ಶನಿವಾರದ ಮಾತನ್ನು ಮರೆತುಬಿಡುವಂತೆ ಹೇಳಿದರು. ಶರಣಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ಹಂಗಾರ ಮಿಸ್ಡ್ ಕಾಲ್ ಕೊಡಬ್ಯಾಡ್ರಿ ಅಂತ ಎಲ್ಲಾರ್ಗೂ ಹೇಳ್ಲೇನ್ರಿ?”

ಬೇಡ, ಅವರು ಕೊಡಲಿ, ಬದಲಾಗಬೇಕಾದ್ದು ನಮ್ಮ ಪ್ರೋಗ್ರಾಂ ಎಂದೆ. ಸೋಮವಾರದೊಳಗೆ ಬದಲಾಯಿಸಿದೆವು.

ಕೆಲಸವನ್ನು ಹಗುರವಾಗಿ ಮಾಡಿದವರ ದಾಖಲೆ ಚೊಕ್ಕಟವಾಗಿತ್ತು. ಮನಸ್ಸಿಟ್ಟು ಮಾಡಿದವನದೇ ಖಾಲಿಯಿತ್ತು. ಆ ಖಾಲಿ ಜಾಗ ನೋಡಿ ನಾನು ಒಬ್ಬ ಮನುಷ್ಯನ ಬಗ್ಗೆ ತೀರ್ಪು ಬರೆದಿದ್ದೆ. ಆಮೇಲೆ ನಿವೃತ್ತಳಾಗುವವರೆಗೂ, ಯಾವುದೇ ದೂರು ಬರಲಿ, ಪ್ರೋಗ್ರಾಂ ತೆರೆಯುವ ಮೊದಲು ದೂರು ಕೊಟ್ಟವರಿಗೆ ಫೋನ್ ಮಾಡಿ, ಅವರ ಬೆಳಗು ಹೇಗೆ ಶುರುವಾಗುತ್ತದೆ ಎಂದು ಕೇಳುತ್ತಿದ್ದೆ.