ವರ್ಷ ಲೆಕ್ಕದ ಧೈರ್ಯ

ಹೋದ ವಾರ ನನಗೆ ಧೈರ್ಯ ಬಂತು. ತಾನಾಗಿ ಬಂದದ್ದಲ್ಲ, ಮ್ಯಾನೇಜರು ಕೊಟ್ಟದ್ದು. ಪರದೇಶದ ಈ ರೊಟೊಟೂನ ಊರಲ್ಲಿ ನಾನು ನರ್ಸಾಗಿರುವ ವೃದ್ಧಾಶ್ರಮದಲ್ಲಿ ಐದು ವರ್ಷ ದುಡಿದವರಿಗೆ ‘ಕರುಣೆ’ ಎಂದು ಬರೆದ ಪಿನ್ನು, ಹತ್ತಾದರೆ ‘ತಾಳ್ಮೆ’, ಹದಿನೈದಾದರೆ ‘ಧೈರ್ಯ’. ಗೋಡೆಯ ಮೇಲೆ ವೇಟಾ ಹುಳು ಕಂಡರೆ ಮಂಚ ಹತ್ತಿ ಮಗನನ್ನು ಕೂಗುವವಳು ನಾನು. ಆದರೂ ಪಿನ್ನು ಚುಚ್ಚಿಸಿಕೊಂಡು, ಕೇಕ್ ತಿಂದು ಮನೆಗೆ ಬಂದೆ. “ನಾನೇನೋ ಮಾಡ್ದೆ? ಬಿಡದೆ ಡ್ಯೂಟಿಗೆ ಹೋದೆ ಅಷ್ಟೆ” ಎಂದರೆ ಮಗರಾಯ, “ಸೋ ಹಂಬಲ್, ಅಮ್ಮಾ!” ಎಂದು ಫೋಟೊ ತೆಗೆದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಗ್ರೀಶಾ ಅಂಕಲ್ ನೆನಪಾಗಿಬಿಟ್ಟರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಶ್ರಮದಲ್ಲಿದ್ದ ರಷ್ಯಾದ ಮುದುಕ ಅವರು. ನೀಲಿ ಕೋಟಿನ ಎದೆಯ ಮೇಲೆ ಕೆಂಪು ನಕ್ಷತ್ರದ ಪದಕ. ಅದನ್ನು ಅವರಾಗಿ ಹಾಕಿಕೊಳ್ಳುತ್ತಿರಲಿಲ್ಲ, ಮಗಳು ಬಂದು ಹಾಕಿ ಹೋಗುತ್ತಿದ್ದಳು. ಆನ್‌ಜಾಕ್ ದಿನ, ಅಂದರೆ ಇಲ್ಲಿನವರು ಯೋಧರನ್ನು ನೆನೆಯುವ ದಿನ, ಬಂತೆಂದರೆ ಆಶ್ರಮಕ್ಕೆ ಬಂದವರೆಲ್ಲ ಸಾಲಾಗಿ ನಿಂತು ಅವರ ಕೈ ಕುಲುಕುವರು. ಗ್ರೀಶಾ ಅಂಕಲ್ ಪ್ರತಿಯೊಬ್ಬರಿಗೂ ಹೇಳುವರು: “ನಾನು ಯುದ್ಧ ಮಾಡಿಲ್ಲ. ಮಿಲಿಟರಿ ಬ್ಯಾಂಡಿನಲ್ಲಿ ಡೋಲು ಬಾರಿಸಿದೆ.” ಕೇಳಿದವರು ಕಣ್ಣೊರೆಸಿಕೊಂಡು, ನಿಜವಾದ ವೀರರು ಹೀಗೇ ಇರುತ್ತಾರೆಂದು ಇನ್ನೊಮ್ಮೆ ಕೈ ಕುಲುಕುವರು. ಆ ಮನುಷ್ಯ ನಿಜ ಹೇಳಿದಷ್ಟೂ ದೊಡ್ಡವನಾಗುತ್ತಿದ್ದ, ನೋಡಿ.

ಒಂದು ದಿನ ಬಿ.ಪಿ. ನೋಡುತ್ತಿದ್ದ ನನ್ನ ಕೈ ಹಿಡಿದು ಕೂರಿಸಿಕೊಂಡರು. ಪರಾಕ್ರಮಕ್ಕೆಂದು ಮಾಡಿಸಿದ ಪದಕಗಳನ್ನೇ ಅವರ ಸೈನ್ಯದಲ್ಲಿ, ಯುದ್ಧ ಮುಗಿದ ಮೇಲೂ, ವರ್ಷ ಎಣಿಸಿ ಕೊಡುತ್ತಿದ್ದರಂತೆ. ಹದಿನೈದಕ್ಕೆ ಕೆಂಪು ನಕ್ಷತ್ರ, ಇಪ್ಪತ್ತಕ್ಕೆ ಅದಕ್ಕಿಂತ ದೊಡ್ಡದು. ಗುಂಡು ತಗಲಬೇಕೆಂದೇನಿಲ್ಲ, ಕೆಲಸ ಬಿಡದಿದ್ದರೆ ಸಾಕು. ಕೊನೆಗೆ ಮೇಲಿನವರೇ ಆ ಪದ್ಧತಿ ನಿಲ್ಲಿಸಿದರಂತೆ. “ಇನ್ನೈದು ವರ್ಷ ಬಾರಿಸಿದ್ದರೆ ಇನ್ನೂ ಧೈರ್ಯವಂತನಾಗುತ್ತಿದ್ದೆ, ಸಿಸ್ಟರ್” ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. “ನನ್ನ ಪಕ್ಕದಲ್ಲಿ ನಿಂತು ಕಂಚಿನ ತಾಳ ಹಾಕುತ್ತಿದ್ದವನು ಲ್ಯೋನ್ಯಾ. ಯುದ್ಧದ ನಡುವೆ ಗಾಯಾಳುಗಳನ್ನು ಎಳೆದು ತರಲು ತೆವಳಿಕೊಂಡು ಹೋದ. ಇಬ್ಬರನ್ನು ತಂದ. ಮೂರನೆಯವನಿಗೆ ಹೋದವನು ಬರಲಿಲ್ಲ. ಅವನಿಗೆ ಏನೂ ಕೊಡಲಿಲ್ಲ. ಜನ ನನ್ನ ಕೈ ಕುಲುಕಿದಾಗಲೆಲ್ಲ ಅವನ ಜೇಬಿಗೆ ಕೈ ಹಾಕಿದ ಹಾಗಾಗುತ್ತದೆ. ನೀನಾದರೂ ನಂಬು.”

ನಂಬುತ್ತೇನೆಂದು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಪಾಪ, ಎಷ್ಟು ವಿನಯ ಎಂದುಕೊಂಡೆ.

ಆ ವರ್ಷ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಕೈಕೊಟ್ಟರು. ಅಧ್ಯಕ್ಷರಾದ ಮಂಡ್ಯದ ಪುಟ್ಟರಾಜು ಅಂಕಲ್ ನನಗೆ ಫೋನು ಮಾಡಿದರು. “ನಿಮ್ಮಲ್ಲಿ ಯಾರೋ ವೀರಯೋಧರು ಅವ್ರಂತಲ್ಲವ್ವ? ಕರ್ಕೊಂಬಂದ್ಬುಡು. ಶಾಲು, ಪೇಟ ಎಲ್ಲಾ ತಂದ್ಬುಟ್ಟಿವ್ನಿ, ವಾಪಸ್ ತಗಳಲ್ಲ ಅಂಗ್ಡಿಯೋನು.”

ಊಟಕ್ಕೆಂದು ಹೇಳಿ ಕರೆದುಕೊಂಡು ಹೋದೆ. ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಮಡಿಲಿಗೆ ಹಣ್ಣಿನ ಬುಟ್ಟಿ ಬಿದ್ದವು. ಅಧ್ಯಕ್ಷರು ಶತ್ರುಗಳನ್ನು ಸದೆಬಡಿದ ಬಗೆಯನ್ನು ಕಣ್ಣಾರೆ ಕಂಡವರಂತೆ ವರ್ಣಿಸಿದರು. ಗ್ರೀಶಾ ಅಂಕಲ್ ಮೈಕಿನಲ್ಲಿ ತಮ್ಮ ಹಳೆಯ ಮಾತನ್ನೇ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಚಪ್ಪಾಳೆ. “ನೋಡ್ರಪ್ಪಾ, ದೊಡ್ಡೋರು ಅಂದ್ರೆ ಇಂಗಿರ್ಬೇಕು!” ಎಂದರು ಅಧ್ಯಕ್ಷರು. ಅಂಕಲ್ ಇನ್ನೊಮ್ಮೆ ಹೇಳಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗ್ರೀಶಾ ಅಂಕಲ್ ಕಣ್ಣಲ್ಲಿ ನೀರು ನಿಂತಿತ್ತು. ಅದೂ ದೇಶಭಕ್ತಿಯ ಲೆಕ್ಕಕ್ಕೆ ಹೋಯಿತು.

ಆಗ ಅವರ ಕಣ್ಣು ವೇದಿಕೆಯ ಮೂಲೆಯಲ್ಲಿದ್ದ ಡೊಳ್ಳಿನ ಮೇಲೆ ಬಿತ್ತು. ಎದ್ದವರೇ ಹಣ್ಣಿನ ಬುಟ್ಟಿಯನ್ನು ಅಧ್ಯಕ್ಷರ ಕೈಗಿಟ್ಟು, ಡೊಳ್ಳನ್ನು ಕುರ್ಚಿಯ ಮೇಲೆ ಎತ್ತಿಡಿಸಿ ಕೋಲು ತೆಗೆದುಕೊಂಡರು. ಮಾತ್ರೆ ನುಂಗಲು ಲೋಟ ಹಿಡಿದರೆ ನಡುಗುತ್ತಿದ್ದ ಕೈ ಅದು. ಪೇಟ ಒಂದು ಕಡೆ ಜಾರುತ್ತಿತ್ತು, ಬಾರಿಸಿದ್ದರಲ್ಲಿ ಮಾತ್ರ ಒಂದು ಪೆಟ್ಟೂ ಜಾರಲಿಲ್ಲ. ಸಾರು ಕುದಿಸುತ್ತಿದ್ದವರು ಸೌಟು ಹಿಡಿದೇ ಹೊರಗೆ ಬಂದರು, ಮಕ್ಕಳು ಸಾಲುಗಟ್ಟಿ ಮಾರ್ಚ್ ಮಾಡಿದರು. ನಡುನಡುವೆ ಅವರು ಕೋಲನ್ನು ಮೇಲೆತ್ತಿ ಒಂದು ಕ್ಷಣ ಪಕ್ಕಕ್ಕೆ ನೋಡುವರು. ಅಲ್ಲಿ ಯಾರೂ ಇರಲಿಲ್ಲ. ಅದು ತಾಳ ಬೀಳಬೇಕಾದ ಜಾಗ ಎಂದು ನನಗೆ ಹೊಳೆಯಿತು. ನಾನು ಅವರನ್ನು ನಂಬಿದ್ದು ಆ ಕ್ಷಣ.

ಅಧ್ಯಕ್ಷರು ಬುಟ್ಟಿ ಹಿಡಿದುಕೊಂಡೇ ನನ್ನ ಕಿವಿಯಲ್ಲಿ ಕೇಳಿದರು: “ಅಲ್ಲಾ ಕಣವ್ವ, ಇವ್ರು ನಿಜವಾಗ್ಲೂ ಡೋಲು ಬಾರ್ಸೋರೇ?”

“ಹೌದು ಅಂಕಲ್. ಅವರು ಹೇಳ್ತಾನೇ ಇದ್ರಲ್ಲ.”

“ಅಯ್ಯೋ, ಶಾಲು ಹೊದ್ಸಾಗೋಯ್ತಲ್ಲ!”

ವಾಪಸು ಬರುವಾಗ ಕಾರಿನಲ್ಲಿ ಗ್ರೀಶಾ ಅಂಕಲ್ ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಶಾಲನ್ನು ಬಿಗಿಯಾಗಿ ಹೊದ್ದರು. “ಯಾಕೆ ಹೊದಿಸಿದರೋ, ಆಮೇಲೆ ಡೋಲು ಬಾರಿಸಿ ಗಳಿಸಿಕೊಂಡೆ. ಇದು ನನ್ನದು” ಎಂದರು. ಮರುವರ್ಷ ತೀರಿಕೊಳ್ಳುವ ತನಕ ಆ ಶಾಲು ಅವರ ಮೈಮೇಲಿತ್ತು.

ನಿನ್ನೆ ಡ್ಯೂಟಿಯಲ್ಲಿ ಹೊಸದಾಗಿ ಸೇರಿರುವ ಮಂಗಳೂರಿನ ಹುಡುಗಿ ಪ್ರೀಮಾ ನನ್ನ ಪಿನ್ನು ನೋಡಿ, “ಇದು ಎಂಥಕ್ಕೆ ಸಿಕ್ಕಿದ್ದು ಅಕ್ಕ?” ಎಂದಳು.

“ಬಿಡದೆ ಡ್ಯೂಟಿಗೆ ಬಂದಿದ್ದಕ್ಕೆ.”

“ಧೈರ್ಯ ಅಂತ ಉಂಟಲ್ಲ ಇದ್ರಲ್ಲಿ?”

“ಅದು ನಂದಲ್ಲ, ಲ್ಯೋನ್ಯಾದು.”

“ಲ್ಯೋನ್ಯಾ ಯಾರು?”

ಎಷ್ಟೋ ವರ್ಷಗಳ ಮೇಲೆ ಆ ಹೆಸರನ್ನು ಯಾರೋ ಕೇಳಿದ್ದರು. ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದೆ.

“ಒಂದು ಬ್ಯಾಂಡಿನಲ್ಲಿ ತಾಳ ಹಾಕ್ತಿದ್ದ” ಎಂದು ಶುರುಮಾಡಿದೆ.