ಲಾರಿ ನಿಂತ ಮೇಲೂ ಉರಿದ ಒಲೆ

ಇವತ್ತು ಬೆಳಿಗ್ಗೆ ಹಂಪಿ ರಸ್ತೆಯ ಖಾಲಿ ಮಳಿಗೆಯೊಂದರ ಒಳಗೆ ನಿಂತು, ಏನೋ ದೊಡ್ಡ ಇಂಜಿನಿಯರನಂತೆ ಗೋಡೆ ಬಡಿದು ನೋಡುತ್ತಿದ್ದೆ. ಪಕ್ಕದ ಗಾಡಿಯಿಂದ ಮಿರ್ಚಿ ಕರಿಯುವ ವಾಸನೆ ಬಂತು. ನೀವು ನಮ್ಮ ಹೊಸಪೇಟೆ ಕಡೆಯವರಾದರೆ ಹೇಳಬೇಕಾಗಿಲ್ಲ, ಆ ವಾಸನೆಗೆ ಇಲ್ಲಿ ಎಂಥ ಕೆಲಸವೂ ನಿಲ್ಲುತ್ತದೆ. ಮಗಳು ವಾಣಿ ತಿಂಡಿ ಅಂಗಡಿ ಹಾಕುವ ಹುಮ್ಮಸ್ಸಿನಲ್ಲಿದ್ದಾಳೆ. ಈ ಮಳಿಗೆಯ ಅಡ್ವಾನ್ಸಿಗೆ ಅವಳು ಕೂಡಿಟ್ಟದ್ದೆಲ್ಲ ಹೋಗಬೇಕು, ಸಾಲದ್ದಕ್ಕೆ ಸಾಲವೂ ಆಗಬೇಕು. ಹೂಂ ಅನ್ನಲು ಇವತ್ತೇ ಕೊನೆಯ ದಿನ. ಅವಳಿನ್ನೂ ಬಂದಿರಲಿಲ್ಲ.

ನನಗೆ ನೆನಪಾದದ್ದು ಗಂಗತ್ತೆ, ನನ್ನ ಸೋದರತ್ತೆ. ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ಸು ನಿಲ್ಲುವ ಕಡೆ ಆಕೆಯ ಅಂಗಡಿ. ತಗಡಿನ ಮಾಡು, ಗೋಡೆಗೊರಗಿದ ಬೆಂಚು, ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ನಾನಾಗ ಸಂಡೂರಿನಲ್ಲಿ ನೌಕರಿಯಲ್ಲಿದ್ದೆ. ಒಮ್ಮೆ ಆಫೀಸಿನ ಗೆಳೆಯರನ್ನು ಕರೆದುಕೊಂಡು ಹೋಗಿ, "ತಿನ್ರಿ, ನಮ್ಮತ್ತಿ ಅಂಗಡಿ, ರೊಕ್ಕದ ಮಾತ ಇಲ್ಲ" ಎಂದು ಮೀಸೆ ತಿರುವಿದೆ. ತಿಂದು ಎದ್ದಾಗ ಅತ್ತೆ ಎಲ್ಲರೆದುರಿಗೇ ನನ್ನ ಮುಂದೆ ಕೈ ಚಾಚಿದಳು.

"ಲೇ, ತಿಂದದ್ದಕ್ಕ ರೊಕ್ಕ ಕೊಡು. ನಿಮ್ಮತ್ತಿ ಮನ್ಯಾಗ ಅದಾಳ. ಇಲ್ಲಿರಾಕಿ ಅಂಗಡಿಯಾಕಿ."

ಗೆಳೆಯರು ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ. ಸಂಜೆ ಮನೆಗೆ ಹೋದರೆ ಅದೇ ಅತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿದು, ಸಾಕೆಂದರೂ ಕೇಳದೆ ತಿನ್ನಿಸಿದಳು. ಆಕೆಯ ವ್ಯಾಪಾರವೇ ಹಾಗೆ. ಮನೆಯಲ್ಲಿ ಸಕ್ಕರೆ ಮುಗಿದು ನೆಂಟರು ಬಂದು ಕೂತಾಗಲೂ, ತನ್ನ ಅಂಗಡಿಯ ಸಕ್ಕರೆ ಚೀಲಕ್ಕೆ ಕೈ ಹಾಕದೆ ಕಿರಾಣಿ ಅಂಗಡಿಗೆ ಓಡಿದವಳು. ವಾರಕ್ಕೊಮ್ಮೆ ತನಗೆ ತಾನೇ ಪಗಾರ ಕೊಟ್ಟುಕೊಳ್ಳುತ್ತಿದ್ದಳು, ಮನೆ ಖರ್ಚೆಲ್ಲ ಅದರಲ್ಲೇ. ಉಳಿದದ್ದು ಅಂಗಡಿಯದು. ಅದರಲ್ಲೂ ಒಂದು ಪಾಲು ಬ್ಯಾಂಕಿಗೆ, ಕೆಟ್ಟ ಕಾಲಕ್ಕೆ. ಕೆಟ್ಟ ಕಾಲ ಎಲ್ಲಿಂದ ಬಂದೀತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಯಾಕೆಂದರೆ ಅದು ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಹಗಲಿರುಳೂ ಲಾರಿ, ಅದಿರಿನ ಧೂಳಿಗೆ ಮರದ ಎಲೆಯೂ ಕೆಂಪು. ರಸ್ತೆಯುದ್ದಕ್ಕೂ ಹೋಟೆಲುಗಳೆದ್ದವು, ಡ್ರೈವರುಗಳ ಜೇಬು ನೋಡಿ ರೇಟು ಏರಿಸಿದವು. ಊರಿನವರು ಅತ್ತ ತಲೆ ಹಾಕುವುದನ್ನು ಬಿಟ್ಟು, ರೇಟು ಏರಿಸದ ಅತ್ತೆಯ ಬೆಂಚಿಗೇ ಬಂದರು. ಲಾರಿ ಮಾಲೀಕರೊಬ್ಬರು ಅತ್ತೆಗೂ ಗಂಟುಬಿದ್ದರು.

"ಅಕ್ಕಾರ, ದೊಡ್ಡ ಹೋಟೆಲ್ ಹಾಕ್ರಿ. ಸಾಲ ನಾ ಕೊಡಸ್ತೀನಿ."

"ಭಾಳ ಚೊಲೋ ಆತ್ರಿ. ನಾಳೆ ಲಾರಿ ನಿಂತ್ರ ಆ ಕುರ್ಚಿ ಮ್ಯಾಲ ಯಾರ್ನ ಕುಂದರ್ಸ್ಲಿ?"

ಅವರು ನಕ್ಕರು, ಗುಡ್ಡ ಎಲ್ಲಿ ಓಡಿ ಹೋಗುತ್ತದೆ ಎಂದರು. ನಾನೂ ಅವರ ಪರವಾಗಿಯೇ ವಾದಿಸಿದೆ. ಅತ್ತೆ ಇಬ್ಬರಿಗೂ ಚಹಾ ಕೊಟ್ಟು, ಇಬ್ಬರಿಂದಲೂ ರೊಕ್ಕ ತೆಗೆದುಕೊಂಡಳು.

ಗುಡ್ಡ ಎಲ್ಲಿಗೂ ಓಡಲಿಲ್ಲ, ಲಾರಿಗಳೇ ನಿಂತವು. ಕೋರ್ಟಿನ ಆದೇಶ ಬಂದು ಗಣಿಗೆ ಬೀಗ ಬಿತ್ತು. ಆ ಹೋಟೆಲುಗಳು ಒಂದೊಂದಾಗಿ ಮುಚ್ಚಿ, ಕುರ್ಚಿಗಳನ್ನು ಗುಜರಿಗೆ ಹಾಕಿದವು. ಅತ್ತೆಯ ಅಂಗಡಿಯಲ್ಲೂ ಜನ ಅರ್ಧಕ್ಕಿಳಿದರು. ನಮಗೆಲ್ಲ ಭಯ, ಆಕೆಯ ಬದುಕೇ ಆ ಒಲೆ. ಬ್ಯಾಂಕಿನಲ್ಲಿದ್ದದ್ದು ಎಷ್ಟು ದಿನ ಬಂದೀತು? ಎಣ್ಣೆ ಅಗ್ಗದ್ದು ತಂದರೆ ಹೇಗೆ ಎಂದು ಕೇಳಿ ಬೈಸಿಕೊಂಡೆ.

"ನನ್ನ ಪಗಾರ ಕಡಿಮಿ ಮಾಡಿದ್ರ ಬೈಯಾಕಿ ನಾ ಒಬ್ಬಾಕಿ. ಎಣ್ಣಿ ಕೆಡಿಸಿದ್ರ ಊರ ಬೈತೈತಿ. ಯಾವ್ದು ಚೊಲೋ, ನೀನ ಹೇಳು."

ಹೇಳಿದಂತೆ ತನ್ನ ಪಗಾರವನ್ನೇ ಇಳಿಸಿಕೊಂಡಳು. ಹಿಟ್ಟು ಕಡಿಮೆ ಕಲಸಿದಳು, ರುಚಿ ಕೆಡಿಸಲಿಲ್ಲ. ಹಳೆಯ ರೇಟಿಗೇ ತಿನ್ನುತ್ತಿದ್ದ ಊರಿನವರು, ಶಾಲೆಯ ಮೇಷ್ಟ್ರುಗಳು, ಸಂತೆಗೆ ಹೋಗುವವರು ಬಿಡದೆ ಬಂದರು. ಆ ಸಾಲಿನಲ್ಲಿ ದಿನಾ ಹೊತ್ತಿದ್ದು ಆಕೆಯ ಒಲೆ ಒಂದೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ನಮ್ಮ ವಂಶದಲ್ಲಿ ಅಷ್ಟು ಗಟ್ಟಿ ಕುಳ ಇನ್ನೊಬ್ಬರಿಲ್ಲ.

ಇದನ್ನೆಲ್ಲ ವಾಣಿಗೆ ಒಂದು ಭಾಷಣವಾಗಿ ಬಿಗಿಯಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಮಳಿಗೆಯ ಯಜಮಾನರೊಂದಿಗೆ ಒಳಗೆ ಬಂದಳು. ಗೋಡೆಯತ್ತ ನೋಡಲೂ ಇಲ್ಲ.

"ಯಜಮಾನ್ರ, ಹಂಪಿಗೆ ಬರೋ ಮಂದಿ ಬ್ಯಾಸಗ್ಯಾಗ ಬರಂಗಿಲ್ಲ. ಆವಾಗ ಬಾಡಿಗಿ ಅರ್ಧ ಮಾಡ್ತೀರೇನ್ರಿ?"

"ಏ ತಂಗಿ, ಹಂಗ ಯಾರೂ ಕೇಳಂಗಿಲ್ಲ!"

"ಹಂಗಾರ ಮಳಿಗಿ ಬ್ಯಾಡ್ರಿ. ಹೊರಗಿನ ಕಟ್ಟಿ ಅಷ್ಟ ಕೊಡ್ರಿ, ಅಡ್ವಾನ್ಸ್ ಇಲ್ಲ, ತಿಂಗಳ ಬಾಡಿಗಿ ಕೊಡ್ತೀನಿ. ಮೊದ್ಲು ಇಲ್ಲೇ ಕೆಲ್ಸ ಮಾಡೋ ಮಂದಿ ನನ್ನ ತಿಂಡಿ ತಿನ್ಲಿ."

ನನ್ನ ಭಾಷಣಕ್ಕೆ ಕೆಲಸವೇ ಉಳಿಯಲಿಲ್ಲ. ಎದೆ ಮಾತ್ರ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು. ಯಜಮಾನರು ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದರು. "ನೀವು ಹಿರೇರು, ನೀವೇನಂತೀರಿ?"

"ಅಂಗಡಿ ಆಕೀದ್ರಿ," ಎಂದೆ. "ಆಕೀನ್ನ ಕೇಳ್ರಿ."